ಹಾರ್ನ್ ಬಾರದ ಸೋಮವಾರ

ನಾನು ಕಂಡಕ್ಟರ್ ಆಗಿದ್ದ ಖಾಸಗಿ ಬಸ್ಸು ಯಳಂದೂರಿನಿಂದ ಹೊರಟು ಮಾಂಬಳ್ಳಿ, ಕೊಳ್ಳೇಗಾಲ, ಹನೂರು ದಾಟಿ ಬಂಡಳ್ಳಿಗೆ ಹೋಗಿ ಬರುತ್ತಿತ್ತು. ಅದರ ಡ್ರೈವರು ಸೋಮವಾರ ಮಾತಾಡುತ್ತಿರಲಿಲ್ಲ. ಇವೆರಡರ ಬಗ್ಗೆ ನನಗೆ ಅನುಮಾನವಿಲ್ಲ. ಮುಂದಿನದನ್ನೆಲ್ಲ ಪೊಲೀಸರಿಗೆ, ಬಸ್ಸಿನ ಮಾಲೀಕರಿಗೆ, ಅಪ್ಪನಿಗೆ, ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಯಾರು ಯಾರಿಗೋ ಎಷ್ಟು ಸಲ ಹೇಳಿದ್ದೇನೆಂದರೆ, ಅದರಲ್ಲಿ ಕಂಡದ್ದು ಯಾವುದು, ಹೇಳುವಾಗ ಸೇರಿಕೊಂಡದ್ದು ಯಾವುದು ಎಂದು ಬಿಡಿಸಲು ಹೋದರೆ ಎರಡೂ ಹರಿದು ಕೈಗೆ ಬರುತ್ತವೆ.

ಡ್ರೈವರು ಬಂಡಳ್ಳಿಯವರು. ನನಗಿಂತ ಬಹಳ ದೊಡ್ಡವರು. ಅಣ್ಣ ಎಂದು ಕರೆಯುತ್ತಿದ್ದೆ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡರೆ ಸಂಜೆ ಮನೆಯಲ್ಲಿ ದೀಪ ಹಚ್ಚುವ ತನಕ ಬಾಯಿ ಬಿಡುತ್ತಿರಲಿಲ್ಲ. ಅವರ ತಂದೆಯೂ ಹಾಗೇ ಇದ್ದರಂತೆ. ತಂದೆ ಬೇಸಾಯಗಾರರು, ಹೊಲದಲ್ಲಿ ಮಾತಾಡದೆ ಇದ್ದರೆ ಯಾರಿಗೂ ತೊಂದರೆಯಿಲ್ಲ. ಬಸ್ಸು ಓಡಿಸುವವರು ಹೇಗಿರಬೇಕು? ಅದಕ್ಕೆ ನಾವಿಬ್ಬರೂ ಒಂದು ದಾರಿ ಮಾಡಿಕೊಂಡಿದ್ದೆವು. ನಿಲ್ಲಿಸಲು ಒಂದು ವಿಸಲ್, ಹೊರಡಲು ಎರಡು ವಿಸಲ್. ಇದು ಎಲ್ಲ ಬಸ್ಸಿನಲ್ಲೂ ಇರುವುದೇ. ಸೋಮವಾರ ಮಾತ್ರ ಅವರು ನನ್ನ ಪ್ರತಿ ವಿಸಲ್‌ಗೂ ಹಾರ್ನ್ ಗುಂಡಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ಉತ್ತರ ಕೊಡುತ್ತಿದ್ದರು. ಪೀಂ. ಕೇಳಿಸಿತು ಎಂದು ಅರ್ಥ.

ಉಳಿದ ದಿನಗಳಲ್ಲಿ ಅವರ ಬಾಯಿಗೆ ಬಿಡುವಿರಲಿಲ್ಲ.

‘ಏನ್ಲಾ ಮಗ್ಗದವ್ನೆ, ನೀ ಟಿಕೇಟ್ ಅರಿಯದ್ ನೋಡುದ್ರೆ ಸೀರೆ ಅಂಚು ನೇದಂಗದೆ. ಬಿರ್ಬಿರ್ನೆ ಅರಿ ಕಣ್ಲಾ, ಬಂಡಳ್ಳಿ ಬಂದ್ಬುಡ್ತದೆ.’

‘ನೀವು ಇಷ್ಟೇ ನಿಧಾನಕ್ಕೆ ಓಡ್ಸಿ ಅಣ್ಣ, ಸೆರಗೂ ನೇಯ್ದು ಮುಗಿಸ್ತೀನಿ.’

ಹಿಂದಿನ ಸೀಟಿನವರೆಗೂ ನಗು ಹೋಗುತ್ತಿತ್ತು. ಸೋಮವಾರ ಅದೇ ಸೀಟುಗಳಲ್ಲಿ ಅದೇ ಜನ ದನಿ ತಗ್ಗಿಸಿ ಕೂರುತ್ತಿದ್ದರು. ಹತ್ತುವ ಹೆಂಗಸರು ಬಸ್ಸಿನ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆ ದಿನ ಅಣ್ಣನನ್ನು ಯಾರೂ ಮುಟ್ಟುತ್ತಿರಲಿಲ್ಲ. ಟೀ ಚಿಲ್ಲರೆಯನ್ನೂ ನಾನು ಅವರ ಕೈಗೆ ಕೊಡದೆ ಎಂಜಿನ್ ಮೇಲಿನ ಬಾನೆಟ್ಟಿನ ಮೇಲಿಡುತ್ತಿದ್ದೆ. ಸೋಮಾರದ ಗಾಡಿ ಎಂದು ಹೆಸರಾಗಿತ್ತು. ಬೇರೆ ಬಸ್ಸು ಖಾಲಿ ಬಂದರೂ ಬಿಟ್ಟು ಇದಕ್ಕೆ ಕಾಯುವವರಿದ್ದರು.

ನಾನು ಮಾತ್ರ ಆ ದಿನ ಸಂಜೆಯ ತನಕ ಪ್ರತಿ ವಿಸಲ್ ಊದಿದ ಮೇಲೂ ಆ ಪೀಂಗೆ ಕಿವಿಗೊಟ್ಟು ಕಾಯುತ್ತಿದ್ದೆ. ಕೊಳ್ಳೇಗಾಲದ ನಮ್ಮ ಮನೆ ರೇಷ್ಮೆ ಸೀರೆ ನೇಯುವ ಮನೆ. ಮಗ್ಗದ ಸದ್ದಿನಲ್ಲೇ ನಾವು ಊಟ ಮಾಡುತ್ತೇವೆ, ಜಗಳ ಆಡುತ್ತೇವೆ, ನಿದ್ದೆ ಮಾಡುತ್ತೇವೆ. ಸದ್ದು ನಿಂತರೆ ಅಡುಗೆಮನೆಯಿಂದ ಅಮ್ಮ ‘ಏನಾಯ್ತು?’ ಎನ್ನುತ್ತಾಳೆ. ಎಳೆ ಹರಿದಿರಬೇಕು, ಇಲ್ಲ ಅಪ್ಪನಿಗೆ ಏನೋ ಆಗಿರಬೇಕು. ಅಪ್ಪ ‘ಏನಿಲ್ಲ’ ಎನ್ನುವ ತನಕ ಅವಳು ಒಲೆಯ ಮುಂದೆ ಕೂರುವುದಿಲ್ಲ. ಸದ್ದಿಲ್ಲದಿರುವುದನ್ನು ಕೈಮುಗಿಯುವ ಸಂಗತಿ ಎಂದು ತಿಳಿದ ಜನರ ನಡುವೆ, ಅದನ್ನು ಹರಿದ ಎಳೆ ಎಂದು ತಿಳಿದ ಮನೆಯಿಂದ ಬಂದು ನಾನು ವಿಸಲ್ ಹಿಡಿದು ನಿಂತಿದ್ದೆ.

ಹೀಗೆ ಬರೆದರೆ ಕೇಳಲು ಚೆನ್ನಾಗಿರುತ್ತದೆ. ಚೆನ್ನಾಗಿರುವುದರಿಂದಲೇ ಇದನ್ನು ನಾನು ಪೂರ್ತಿ ನಂಬುವುದಿಲ್ಲ. ಆಗ ಇಷ್ಟೆಲ್ಲ ಯೋಚಿಸಿರಲಾರೆ. ಕಿವಿಗೊಟ್ಟು ಕಾಯುತ್ತಿದ್ದದ್ದು ನಿಜ.

ಆ ಸೋಮವಾರ ಮಾಂಬಳ್ಳಿಯಲ್ಲಿ ಹಾರ್ನ್ ತಡವಾಗಿ ಬಂತು. ಬಸ್ಸು ಸ್ಟಾಪು ದಾಟಿ ನಿಂತಿತು. ಇಳಿದವನೊಬ್ಬ ಹಿಂದಕ್ಕೆ ನಡೆಯುತ್ತ, ‘ಸಾಮಿ ಶಿವನ ತಾವ್ಕೆ ಓಗ್ಬುಟ್ ಬಂದ್ರು, ನಂಗೇನ್ ನಡ್ದ್ರಾಯ್ತು’ ಎಂದು ನಕ್ಕ. ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಅಣ್ಣನ ಬಾಯಿಯ ಬಲ ಮೂಲೆಯಿಂದ ಟೀ ಇಳಿದು ಅಂಗಿಯ ಮೇಲೆ ಬಿತ್ತು. ಟವೆಲಿನಿಂದ ಒರೆಸಿಕೊಂಡರು. ಮತ್ತೆ ಇಳಿಯಿತು. ಟೀ ಅಂಗಡಿಯ ಹೆಂಗಸು, ‘ಮೌನ ಮಾಡ್ತೀರಿ ಸರಿ, ಬಾಯ್ನಾದ್ರೂ ಮುಚ್ಕಂಡ್ ಕುಡೀರಿ ಸಾ’ ಎಂದಳು. ಅವರು ನಗಲು ಹೋದರು. ನಗು ಒಂದೇ ಕಡೆಗೆ ಹೋಯಿತು.

ಈ ಟೀ ಬೇರೊಂದು ಸೋಮವಾರದ್ದಿರಬಹುದೇ? ಆಮೇಲೆ ಆ ಹೆಂಗಸನ್ನು ಕೇಳಿದೆ. ಅದೇ ದಿನ ಎಂದಳು. ಆದರೆ ನಾನು ಕೇಳುವ ಮೊದಲೇ ಅವಳು ಕತೆ ಕೇಳಿದ್ದಳು.

ಬೇರೆ ದಿನವಾಗಿದ್ದರೆ ಅವರು ಬಾಯಿ ತೆರೆದ ಕೂಡಲೇ ಗೊತ್ತಾಗುತ್ತಿತ್ತು. ‘ಏನ್ಲಾ ಮಗ್ಗದವ್ನೆ’ ಎನ್ನುವಾಗ ನಾಲಿಗೆ ದಪ್ಪಗಾಗಿ ತೊದಲಿದ್ದರೆ ಸ್ಟ್ಯಾಂಡಿನಲ್ಲಿದ್ದ ಯಾರಾದರೂ ಆಟೋ ಹಿಡಿದು ಆಸ್ಪತ್ರೆಗೆ ಒಯ್ಯುತ್ತಿದ್ದರು. ಸೋಮವಾರವಾದ್ದರಿಂದ ಅವರೊಳಗೆ ಮಾತು ಕೆಟ್ಟಿದ್ದು ಹೊರಗೆ ಯಾರಿಗೂ ಕಾಣಲಿಲ್ಲ.

ಇತ್ತೀಚೆಗೆ ಫೋನಿನ ಒಂದು ವಿಡಿಯೋದಲ್ಲಿ ನಿವೃತ್ತ ಪೈಲಟ್ ಒಬ್ಬರು ಮಾತಾಡುವುದನ್ನು ಕೇಳಿದೆ. ವಿಮಾನ ಓಡಿಸಲು ಇಬ್ಬರಿರುತ್ತಾರೆ. ದೊಡ್ಡವನು ಇದ್ದಕ್ಕಿದ್ದಂತೆ ಸುಮ್ಮನಾದರೆ ಪಕ್ಕದವನು ಏನು ಮಾಡಬೇಕು ಎಂದು ಮೊದಲೇ ಕಲಿಸಿರುತ್ತಾರಂತೆ. ಒಮ್ಮೆ ಕೇಳು. ಉತ್ತರವಿಲ್ಲವಾದರೆ ಇನ್ನೊಮ್ಮೆ ಕೇಳು. ಎರಡನೆಯದಕ್ಕೂ ಇಲ್ಲವಾದರೆ ಅವನಿಗೆ ನಿದ್ದೆಯೋ, ಸಿಟ್ಟೋ, ಯೋಚನೆಯೋ ಎಂದು ಲೆಕ್ಕ ಹಾಕುತ್ತ ಕೂರಬೇಡ. ಇನ್ನು ವಿಮಾನ ನನ್ನ ಕೈಯಲ್ಲಿ ಎಂದು ಗಟ್ಟಿಯಾಗಿ ಹೇಳಿ ತೆಗೆದುಕೊ. ಅವನ ಮೈ ಮುಂದಕ್ಕೆ ವಾಲಿ ಹಿಡಿಗಳ ಮೇಲೆ ಬೀಳದ ಹಾಗೆ ಹಿಂದಕ್ಕೆ ಎಳೆದು ಬಿಗಿಯಲು ಯಾರನ್ನಾದರೂ ಕರೆ. ಹತ್ತಿರದಲ್ಲಿ ಎಲ್ಲಿ ಇಳಿಸಲಾಗುತ್ತದೋ ಅಲ್ಲಿ ಇಳಿಸು. ಕೊನೆಯದನ್ನು ಅವರು ಎರಡು ಸಲ ಹೇಳಿದರು: ನಡುವೆ ಅವನಿಗೆ ಎಚ್ಚರವಾಗಿ, ನಾನು ಸರಿಯಾಗಿದ್ದೇನೆ ಕೊಡು ಎಂದು ಕೈಚಾಚಿದರೂ ಕೊಡಬೇಡ.

ಬಸ್ಸಿನಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದೇ. ಕಂಡಕ್ಟರ್ ಸ್ಟೇರಿಂಗ್ ಮುಟ್ಟಕೂಡದು.

ಹನೂರು ದಾಟಿದ ಮೇಲೆ ರಸ್ತೆ ಒಂದು ಕೆರೆಯ ಏರಿಯ ಮೇಲೆ ಹೋಗುತ್ತದೆ. ಬಲಕ್ಕೆ ನೀರು, ಎಡಕ್ಕೆ ಕೆಳಗೆ ಕಬ್ಬಿನ ಗದ್ದೆ. ಹಿಂಗಾರು ಬಿದ್ದು ಕೆರೆ ತುಂಬಿತ್ತು. ಬಸ್ಸೂ ತುಂಬಿತ್ತು. ಮುಂದಿನ ಬಾಗಿಲ ಪಕ್ಕದ ಒಂಟಿ ಸೀಟಿನಲ್ಲಿ ಡ್ರೈವರ ಒಡಹುಟ್ಟಿದ ಅಣ್ಣ ಕೂತಿದ್ದರು. ಜಮೀನು ನೋಡಿಕೊಂಡಿರುವ ಯಜಮಾನರು, ಪ್ರತಿ ಸೋಮವಾರ ಕೊಳ್ಳೇಗಾಲದ ಕೆಲಸ ಮುಗಿಸಿ ತಮ್ಮನ ಬಸ್ಸಿನಲ್ಲೇ ಊರಿಗೆ ಹೋಗುತ್ತಿದ್ದರು. ಬಾನೆಟ್ಟಿನ ಹಿಂದೆ ಪ್ಲಾಸ್ಟಿಕ್ ಬಿಂದಿಗೆಗಳ ದೊಡ್ಡ ಕಟ್ಟು ತಬ್ಬಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಗಡಿಯಾಚೆಯವಳು, ತಮಿಳು ಬಿಟ್ಟು ಬೇರೆ ಬರುತ್ತಿರಲಿಲ್ಲ. ಈ ಬಸ್ಸಿಗೆ ಹೊಸಬಳು.

ಏರಿಯ ಮೊದಲಿಗೆ ಒಂದು ಸ್ಟಾಪು. ಒಂದು ವಿಸಲ್ ಊದಿದೆ. ಹಾರ್ನ್ ಬರಲಿಲ್ಲ. ಬಸ್ಸೂ ನಿಧಾನವಾಗಲಿಲ್ಲ. ಇಳಿಯಬೇಕಾದವನು ‘ಓಲ್ಡಾನ್, ಓಲ್ಡಾನ್’ ಎಂದ. ಮತ್ತೊಮ್ಮೆ ಊದಿದೆ, ಉದ್ದಕ್ಕೆ.

‘ಯಾಕ್ಲಾ ಅಂಗ್ ಊದಿಯೆ?’ ಯಜಮಾನರು ತಿರುಗಿದರು. ‘ಇವತ್ತು ಸೋಮಾರ ಅನ್ನದ್ ಮರ್ತೋಯ್ತಾ?’

‘ಹಾರ್ನ್ ಬರ್ಲಿಲ್ಲ ಯಜಮಾನ್ರೆ.’

‘ಬರ್ದೆ ಓದ್ರೆ ಏನ್ಲಾ? ಮನಸು ಒಳೀಕ್ ಓಗದೆ. ನಮ್ಮಪ್ಪನೂ ಇಂಗೇ ಕೂತ್ಬುಡೋರು. ಸುಮ್ಕೆ ನಿಂತ್ಕ.’

‘ಮುಂದ್ಲು ಸ್ಟಾಪಲ್ಲೇ ಇಳ್ಕತೀನಿ ಬುಡಿ’ ಎಂದ ಇಳಿಯಬೇಕಾದವನು. ‘ಇವ್ರ ಗಾಡೀಲಿ ಒಂದ್ಗಳ್ಗೆ ಎಚ್ಗೆ ಕೂತ್ರೆ ನಷ್ಟ ಏನಿಲ್ಲ.’

ನಾನು ಮುಂದೆ ಹೋದೆ. ಅವರ ಬಲಗೈ ಸ್ಟೇರಿಂಗಿನ ಮೇಲಿರಲಿಲ್ಲ. ಯಾರೋ ಇಟ್ಟು ಮರೆತ ವಸ್ತುವಿನ ಹಾಗೆ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಭುಜ ಸ್ಟೇರಿಂಗಿಗೆ ಒರಗಿತ್ತು. ಬಸ್ಸು ಬಲಕ್ಕೆ, ನೀರಿನ ಕಡೆಗೆ ಸರಿಯುತ್ತಿತ್ತು. ಅವಸರವೇನೂ ಇರಲಿಲ್ಲ ಅದಕ್ಕೆ.

‘ಅಣ್ಣ’ ಎಂದೆ. ‘ಅಣ್ಣ’ ಎಂದು ಇನ್ನೊಮ್ಮೆ ಅಂದೆನೇ? ಪೊಲೀಸರಿಗೆ ಅಂದೆ ಎಂದೇ ಹೇಳಿದ್ದೇನೆ. ಈಗ ಆ ಪೈಲಟ್ಟರ ಮಾತು ಕೇಳಿದ ಮೇಲಂತೂ ಎರಡು ಸಲದ ಕೂಗು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಮೊದಲು ಅಷ್ಟು ಸ್ಪಷ್ಟವಾಗಿರಲಿಲ್ಲ.

ಬಾನೆಟ್ಟಿನ ಮೇಲೆ ಮೊಣಕಾಲೂರಿ ಸ್ಟೇರಿಂಗ್ ಹಿಡಿದು ಎಡಕ್ಕೆ ಎಳೆದೆ. ಬರಲಿಲ್ಲ, ಅವರ ಮೈಭಾರವೆಲ್ಲ ಅದರ ಮೇಲಿತ್ತು. ‘ಇವ್ರನ್ನ ಹಿಂದಕ್ಕೆ ಎಳೀರಿ’ ಎಂದು ಕೂಗಿದೆ. ಯಾರೂ ಎಳೆಯಲಿಲ್ಲ. ಯಾರೂ ಕೆಟ್ಟವರಲ್ಲ. ಅಷ್ಟು ಸೋಮವಾರಗಳಿಂದ ಮುಟ್ಟದೆ ಕಲಿತ ಕೈಗಳು ಮೇಲೆದ್ದು ಅಲ್ಲೇ ನಿಂತವು. ಯಜಮಾನರು ಎದ್ದು ನನ್ನ ಅಂಗಿ ಹಿಡಿದರು. ‘ಮುಟ್ಬ್ಯಾಡ ಕಣ್ಲಾ, ಮೌನದಲ್ಲವ್ನೆ, ಮುಟ್ಬ್ಯಾಡ.’

ಬಿಂದಿಗೆಯ ಹೆಂಗಸು ಕಟ್ಟನ್ನು ಕೈಬಿಟ್ಟಳು. ‘ಆಳುಕ್ಕು ಒಡಂಬು ಸರಿಯಿಲ್ಲೆ’ ಎಂದಳು, ಈ ಮನುಷ್ಯನಿಗೆ ಮೈ ಸರಿಯಿಲ್ಲ ಎಂದು. ಅವರ ಕಂಕುಳಿಗೆ ಎರಡೂ ಕೈ ಹಾಕಿ ಹಿಂದಕ್ಕೆ ಎಳೆದಳು. ಇಡೀ ಬಸ್ಸಿನಲ್ಲಿ ಅವಳಿಗೊಬ್ಬಳಿಗೇ ಅದು ಸೋಮವಾರ ಎಂದು ಗೊತ್ತಿರಲಿಲ್ಲ.

ಸ್ಟೇರಿಂಗ್ ತಿರುಗಿತು. ಕೀ ತಿರುಗಿಸಿ ಎಂಜಿನ್ ಆರಿಸಿದೆ. ಆಗ ಅವರ ಎಡಗೈ ಎದ್ದು ಬಂದು ನನ್ನ ಕೈಯ ಮೇಲೆ ಕೂತಿತು. ಬಿಗಿಯಾಗಿ. ಅವರು ನನ್ನ ಮುಖ ನೋಡಿದರು. ಕಣ್ಣಿನಲ್ಲಿ ಎಚ್ಚರವಿತ್ತು. ನನ್ನ ಕೈಯನ್ನು ಬಿಡಿಸಿ ಸ್ಟೇರಿಂಗನ್ನು ಬಲಕ್ಕೆ ತಳ್ಳಲು ನೋಡಿದರು. ನಾನು ಮೊಣಕೈಯಿಂದ ಆ ಕೈಯನ್ನು ದೂಡಿದೆ.

ಆ ನೋಟವನ್ನು ಹಿಂದೆ ಒಂದು ಕಡೆ ಸಿಟ್ಟು ಎಂದು ಬರೆದಿದ್ದೇನೆ, ಇನ್ನೊಂದು ಕಡೆ ಬೇಡಿಕೆ ಎಂದು. ಎರಡನ್ನೂ ಹೊಡೆದುಹಾಕಿದ್ದೇನೆ. ಅವರು ನೋಡಿದರು ಎಂಬಷ್ಟು ಮಾತ್ರ ಇರಲಿ.

ಬಸ್ಸು ಎಡಕ್ಕೆ ಏರಿಯಿಂದ ಇಳಿದು ಕಬ್ಬಿನೊಳಗೆ ನುಗ್ಗಿ, ವಾಲಿ ನಿಂತಿತು. ನಿಂತಿದ್ದ ಯಜಮಾನರು ಬಾಗಿಲ ಮೆಟ್ಟಿಲಿಗೆ ಬಿದ್ದು ತೊಡೆ ಮುರಿಯಿತು. ಉಳಿದವರಿಗೆ ಹಣೆ, ಹಲ್ಲು, ಮಂಡಿ. ಬಿಂದಿಗೆಗಳ ಕಟ್ಟು ಯಾವಾಗಲೋ ಬಾಗಿಲಿಂದ ಏರಿಯ ಮೇಲೆ ಬಿದ್ದು ಬಿಚ್ಚಿಕೊಂಡು, ಬಿಂದಿಗೆಗಳು ಆಚೆಯ ಇಳಿಜಾರಿಗೆ ಉರುಳಿದ್ದವು. ನಾನು ಏರಿ ಹತ್ತಿ ಬಂದಾಗ ಕೆಂಪು, ಹಸಿರು, ನೀಲಿ ಬಿಂದಿಗೆಗಳು ಕೆರೆಯ ನೀರಿನಲ್ಲಿ ತೇಲುತ್ತ ನಡುವಿಗೆ ಹೋಗುತ್ತಿದ್ದವು. ಅವಳು ಅವನ್ನು ನೋಡುತ್ತ ನಿಂತಿದ್ದಳು. ಆಮೇಲೆ ಅವಳನ್ನು ಎಲ್ಲೂ ಕಾಣಲಿಲ್ಲ. ನನ್ನ ಪರವಾಗಿ ಹೇಳಬಹುದಾಗಿದ್ದವಳು ಅವಳೊಬ್ಬಳು.

ಕೊಳ್ಳೇಗಾಲದ ಡಾಕ್ಟರು ಲಕ್ವ ಎಂದರು. ಮೈಸೂರಿಗೆ ಒಯ್ದರು. ಬಲಗಡೆಯ ಸ್ವಾಧೀನ ಸ್ವಲ್ಪ ಸ್ವಲ್ಪವಾಗಿ ಬಂತು, ಕೋಲು ಹಿಡಿದು ನಿಲ್ಲುವಷ್ಟು. ಮಾತು ಬರಲಿಲ್ಲ. ಮಾತನ್ನು ಮತ್ತೆ ಕಲಿಸಬೇಕು, ಬಿಡದೆ ಕರೆತರಬೇಕು, ತಡವಾದಷ್ಟೂ ಕಷ್ಟ ಎಂದು ಅಲ್ಲಿಯವರು ಹೇಳಿ ಕಳಿಸಿದರಂತೆ.

ಊರಿನಲ್ಲಿ ಬೇರೆ ಮಾತು ಹುಟ್ಟಿತ್ತು. ಅವರಿಗೆ ಎಚ್ಚರವಿತ್ತು, ಕೈ ಎತ್ತಿ ಸ್ಟೇರಿಂಗ್ ಹಿಡಿದದ್ದನ್ನು ಬಸ್ಸಿನಲ್ಲಿದ್ದವರೆಲ್ಲ ಕಂಡಿದ್ದಾರೆ, ಕೊಳ್ಳೇಗಾಲದ ಹುಡುಗ ಹೆದರಿ ಮೈಮೇಲೆ ಬಿದ್ದು ಮೌನ ಕೆಡಿಸಿದ, ಶಿವ ಮಾತನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಮಾಲೀಕರು ನನ್ನನ್ನು ಕರೆದು, ‘ನೀ ಮಾಡುದ್ದು ಸರೀನೋ ತಪ್ಪೋ ನಂಗ್ ಬ್ಯಾಡ. ನಿನ್ ಮಕ ಕಂಡ್ರೆ ಆ ಕಡೆ ಜನ ಗಾಡಿ ಅತ್ತಾಕಿಲ್ಲ’ ಎಂದರು. ಮನೆಗೆ ಬಂದು ಮಗ್ಗದ ಪಕ್ಕ ಕೂತೆ.

ಒಂದು ದಿನ ಡ್ರೈವರ ಹೆಂಡತಿ ಫೋನ್ ಮಾಡಿದರು. ಅತ್ತಿಗೆ ಎನ್ನುತ್ತಿದ್ದೆ ಅವರನ್ನು. ‘ಒಂದ್ಸಲ ಬಾ ತಮ್ಮ’ ಎಂದಷ್ಟೇ ಹೇಳಿ ಇಟ್ಟರು.

ಬಂಡಳ್ಳಿಯ ಅವರ ಮನೆಯ ಮುಂದೆ ಚಪ್ಪಲಿಗಳಿದ್ದವು. ಜಗುಲಿಯ ಮೇಲೆ ಹೊಸ ಚಾಪೆ, ಚಾಪೆಯ ಮೇಲೆ ಅಣ್ಣ. ಹಣೆ, ತೋಳು, ಎದೆಗೆ ವಿಭೂತಿ. ಮುಂದೆ ಬಾಳೆಹಣ್ಣು, ಹೂವು. ಜನ ಒಬ್ಬೊಬ್ಬರಾಗಿ ಬಂದು ಕಾಲಿಗೆ ಬೀಳುತ್ತಿದ್ದರು. ಪಕ್ಕದಲ್ಲಿ ಕುರ್ಚಿಯ ಮೇಲೆ ಯಜಮಾನರು, ಮುರಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು. ನನ್ನನ್ನು ನೋಡಿ ಮುಖ ತಿರುಗಿಸಿದರು.

ಅಣ್ಣ ನನ್ನನ್ನು ಕಂಡರು. ಬಾಯಿ ತೆರೆದರು. ಗಂಟಲಿನಿಂದ ಒಂದು ಸದ್ದು ಬಂತು, ನಾಲಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹೊರಳಿತು. ಚಾಪೆಯ ಹತ್ತಿರ ಕೂತಿದ್ದ ಒಬ್ಬಾಕೆ ಗಾಬರಿಯಾಗಿ ಕೈಮುಗಿದಳು. ‘ಬ್ಯಾಡಿ ಸಾಮಿ, ಮಾತಾಡ್ಬ್ಯಾಡಿ. ವ್ರತ ಕೆಡ್ತದೆ.’

ಅವರ ಎಡಗೈ ಎದ್ದಿತು. ಹೆಬ್ಬೆರಳು ಗಾಳಿಯಲ್ಲಿ ಏನನ್ನೋ ಒತ್ತಿದ ಹಾಗೆ ಕಂಡಿತು ನನಗೆ. ಆಕೆ ಆ ಕೈಯನ್ನು ಭಕ್ತಿಯಿಂದ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

ಅತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದರು. ‘ನೋಡ್ದಾ? ದಿನಾ ಇದೇಯ. ಬಾಯ್ ತಗುದ್ರೆ ಮುಚ್ಚುಸ್ತರೆ. ಅವತ್ತು ಬೆಳಿಗ್ಗೆ ಅಂಗಿ ಗುಂಡಿ ಆಕಳಾಕ್ ಆಗ್ನಿಲ್ಲ ಅವ್ರಿಗೆ. ನಾನೇ ಆಕ್ದೆ. ಏನ್ರೀ ಅಂದೆ. ಸೋಮಾರ, ಏನೂ ಯೋಳ್ನಿಲ್ಲ. ನಾನೂ ಸುಮ್ಗಾದೆ.’ ಕಣ್ಣು ಒರೆಸಿಕೊಳ್ಳಲಿಲ್ಲ, ಅಳುತ್ತಿರಲಿಲ್ಲ. ‘ವ್ರತ ಅಲ್ಲ ಕಣಪ್ಪ. ಮಾತ್ ಬರಾಕಿಲ್ಲ. ಮೈಸೂರ್ನೋರು ತಿರ್ಗ ಕರ್ಕಂಬನ್ನಿ ಅಂದಿದ್ರು. ಬಾವ್ನೋರು ಬುಡಾಕಿಲ್ಲ. ನೀನ್ ಯೋಳು ಒಂದ್ಮಾತ.’

‘ನನ್ನ ಮಾತು ಯಾರ್ ಕೇಳ್ತಾರೆ ಅತ್ತಿಗೆ?’

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಸೀದಾ ಜಗುಲಿಗೆ ಹೋದರು.

‘ಬಾವ್ನೋರೆ, ಇವ್ರನ್ನ ಮೈಸೂರ್ಗೆ ಕರ್ಕಂಡೋಗ್ಬೇಕು.’

ಯಜಮಾನರು ರಸ್ತೆಯ ಕಡೆ ನೋಡುತ್ತಿದ್ದರು.

‘ಬಾವ್ನೋರೆ, ನಿಮ್ಮನ್ನೇ ಕೇಳ್ತಿರದು.’

ಯಜಮಾನರು ಸ್ಟೂಲಿನ ಮೇಲಿನ ಕಾಲನ್ನು ಸರಿಮಾಡಿಕೊಂಡರು. ಅವರಿಗೆ ಕೇಳಿಸಿತ್ತು. ಜಗುಲಿಯಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು. ಎರಡು ಸಲ ಎಂದು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ಆ ಹೊತ್ತಿಗೆ ಮುಂಚೆ ಅತ್ತಿಗೆ ಎಷ್ಟು ತಿಂಗಳಿಂದ, ಎಷ್ಟು ಸಲ ಕೇಳಿದ್ದರೋ. ನಾನು ಕೇಳಿಸಿಕೊಂಡದ್ದು ಕೊನೆಯ ಎರಡನ್ನು.

ಅತ್ತಿಗೆ ಒಳಗೆ ಹೋಗಿ ಒಂದು ಬ್ಯಾಗು ತಂದರು. ಅದು ಮೊದಲೇ ತುಂಬಿತ್ತು. ಚಾಪೆಯ ಮೇಲಿನ ಹೂವನ್ನು ಪಕ್ಕಕ್ಕೆ ಸರಿಸಿ ಗಂಡನ ಬಲಗಡೆಯ ಕಂಕುಳಿಗೆ ಕೈ ಹಾಕಿದರು.

‘ಆ ಕಡೆ ಇಡ್ಕ ತಮ್ಮ.’

ಜನ ಎದ್ದು ದಾರಿ ಬಿಟ್ಟರು. ಒಬ್ಬಿಬ್ಬರು ಆಗಲೂ ಕಾಲು ಮುಟ್ಟಿದರು. ‘ಲೇ, ಇನ್ನೊಂದ್ಕಿತ ಮುಟ್ದಾ ನೀನು’ ಎಂದರು ಯಜಮಾನರು ನನ್ನ ಬೆನ್ನಿಗೆ. ಕುರ್ಚಿಯಿಂದ ಏಳಲು ಅವರಿಗೆ ಆಗಲಿಲ್ಲ. ಆ ಕಾಲು ಮುರಿದದ್ದು ನಾನು ಸ್ಟೇರಿಂಗ್ ಎಳೆದದ್ದರಿಂದ. ಇದನ್ನು ಯಾವ ಸಾಲಿನಲ್ಲಿ ಸೇರಿಸಬೇಕೋ ಇನ್ನೂ ಗೊತ್ತಾಗಿಲ್ಲ.

ಕೊಳ್ಳೇಗಾಲದ ಬಸ್ಸಿನಲ್ಲಿ ಅವರನ್ನು ಕಿಟಕಿಯ ಪಕ್ಕ ಕೂರಿಸಿದೆವು. ಕಂಡಕ್ಟರ್ ಎರಡು ವಿಸಲ್ ಊದಿದ, ಬಸ್ಸು ಹೊರಟಿತು. ಕೆರೆ ಏರಿಯ ಮೇಲೆ ಬಂದಾಗ ಅಣ್ಣ ನೀರಿನ ಕಡೆ ತಿರುಗಿ ಸದ್ದು ಮಾಡತೊಡಗಿದರು. ಹಿಂದಿನ ಸೀಟಿನಿಂದ ಒಬ್ಬರು ಮುಂದಕ್ಕೆ ಬಾಗಿದರು. ‘ಸಾಮಿ, ಬ್ಯಾಡಿ, ವ್ರತ...’

‘ಮಾತಾಡ್ಲಿ ಬುಡಿ’ ಎಂದರು ಅತ್ತಿಗೆ, ತಿರುಗದೆಯೇ.

ಮೈಸೂರಿನಲ್ಲಿ, ಬಹಳ ತಡವಾಗಿ ತಂದಿರಿ ಎಂದರು. ಆದರೂ ಅತ್ತಿಗೆ ಬಿಡದೆ ಒಯ್ಯುತ್ತಿದ್ದಾರೆ. ಈ ತನಕ ಒಂದು ಮಾತೂ ಮಾತಾಗಿ ಬಂದಿಲ್ಲ.

ಆ ದಿನ ಬಸ್ಸಿನಲ್ಲಿ ಮಾತ್ರ ಅಣ್ಣ ಹನೂರು ದಾಟಿ ಕೊಳ್ಳೇಗಾಲದ ತನಕ ದಾರಿಯುದ್ದಕ್ಕೂ ಮಾತಾಡಿದರು. ನಡುನಡುವೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು, ಉತ್ತರಕ್ಕೆ ಕಾಯುವವರ ಹಾಗೆ. ಬೈದರೋ, ಕೇಳಿದರೋ, ಅವತ್ತು ತಾವು ಸ್ಟೇರಿಂಗಿಗೆ ಕೈ ಹಾಕಿದ್ದು ಯಾಕೆ ಎಂದು ಹೇಳಿದರೋ. ನನಗೂ ಅತ್ತಿಗೆಗೂ ಒಂದೂ ತಿಳಿಯಲಿಲ್ಲ. ಅವರು ನಿಲ್ಲಿಸಿದಾಗಲೆಲ್ಲ ನಾನು ‘ಹೂಂ ಅಣ್ಣ’ ಎಂದೆ.